ಸಹ್ತಿಗೆ ನೊರೆ ಯಾಕಿಲ್ಲ?

ಪ್ರಶ್ನೆ: ನಾನು ಫಿನ್ಲೆಂಡಿನ ಟಾಂಪೆರೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಜೂನ್ ತಿಂಗಳ ಯುಹನ್ನುಸ್ ಹಬ್ಬಕ್ಕೆ ಆಫೀಸಿನವರೊಬ್ಬರು ಕೆರೆ ದಡದ ತಮ್ಮ ಮನೆಗೆ ಕರೆದಿದ್ದರು. ಅಲ್ಲಿ ಸಹ್ತಿ ಅಂತ ಒಂದು ಬಿಯರ್ ಕೊಟ್ಟರು. ಕದಡಿದ ಕಂದು ಬಣ್ಣ, ನೊರೆ ಇಲ್ಲವೇ ಇಲ್ಲ, ಬಾಳೆಹಣ್ಣಿನ ವಾಸನೆ ಬೇರೆ. ಬೇಡ ಅಂದರೆ ಬೇಜಾರಾಗುತ್ತಾರೆ ಅಂತ ಅರ್ಧ ಲೀಟರಿನ ಎರಡು ಮಗ್ಗು ಕುಡಿದೆ. ಆಮೇಲೆ ಏಳೋಕೇ ಆಗಲಿಲ್ಲ. ಅದು ಕೆಟ್ಟುಹೋಗಿತ್ತಾ? ಮತ್ತೆ ಸಿಕ್ಕರೆ ಹೇಗೆ ಕುಡಿಯಬೇಕು?

ಉತ್ತರ: ಕೆಟ್ಟಿರಲಿಲ್ಲ. ನೀವು ಹೇಳಿದ ಮೂರೂ ಒಳ್ಳೆಯ ಸಹ್ತಿಯ ಗುಣಗಳೇ. ನಿಮಗೆ ಸಿಕ್ಕಿದ್ದು ಫಿನ್ಲೆಂಡಿನ ಹಳ್ಳಿಮನೆಗಳ ತುಂಬಾ ಹಳೆಯ ಬಿಯರ್. ಹ್ಯಾಮೆ ಸೀಮೆಯ ಸುಸ್ಮಾ, ಲಮ್ಮಿ ಕಡೆ ಈಗಲೂ ಮಾಡುತ್ತಾರೆ.

ಮಾಡುವ ರೀತಿ ಗೊತ್ತಾದರೆ ರುಚಿ ತಾನಾಗಿ ಅರ್ಥವಾಗುತ್ತದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಜೊತೆಗೆ ಸ್ವಲ್ಪ ರೈ ಧಾನ್ಯ. ಇದನ್ನು ಬಿಸಿನೀರಿನಲ್ಲಿ ಗಂಟೆಗಟ್ಟಲೆ ನೆನೆಸಿ ಸೋಸಬೇಕು. ಸೋಸೋಕೆ ಮರದ ದಿಮ್ಮಿಯನ್ನು ದೋಣಿಯ ಹಾಗೆ ಕೊರೆದು ಮಾಡಿದ ತೊಟ್ಟಿ ಇರುತ್ತದೆ, ಅದಕ್ಕೆ ಕೂರ್ನಾ ಅಂತಾರೆ. ಅದರ ತಳಕ್ಕೆ ಕಾಡಿನಿಂದ ತಂದ ಜುನಿಪರ್ ಕೊಂಬೆಗಳನ್ನು ಹಾಸುತ್ತಾರೆ. ಜಿನ್‌ಗೆ ಘಮ ಕೊಡುತ್ತದಲ್ವಾ, ಅದೇ ಗಿಡ. ಬಿಸಿ ಬಿಸಿ ರಸ ಆ ಸೊಪ್ಪಿನ ಮೂಲಕ ನಿಧಾನವಾಗಿ ಇಳಿದು, ತೂತಿನಿಂದ ಕಂದು ದಾರದ ಹಾಗೆ ಸುರಿಯುತ್ತದೆ. ಸೊಪ್ಪು ಜರಡಿಯೂ ಹೌದು, ಮಸಾಲೆಯೂ ಹೌದು.

ಆ ರಸವನ್ನು ಬೇರೆ ಬಿಯರ್‌ನ ಹಾಗೆ ಗಂಟೆ ಹೊತ್ತು ಕುದಿಸೋದಿಲ್ಲ, ಬಹಳ ಜನ ಕುದಿಸೋದೇ ಇಲ್ಲ. ಅದಕ್ಕೇ ಕದಡಿಕೊಂಡು, ಗಂಜಿಯಷ್ಟು ಅಲ್ಲದಿದ್ದರೂ ಮಂದವಾಗಿ ಇರುತ್ತದೆ. ಹುಳಿಸೋಕೆ ಬ್ರೆಡ್ಡಿಗೆ ಹಾಕುವ ಯೀಸ್ಟ್. ನಿಮ್ಮ ಬಾಳೆಹಣ್ಣಿನ ವಾಸನೆ ಬಂದಿದ್ದು ಅದರಿಂದಲೇ. ಹುಳಿಯುವಾಗ ಬಾಳೆಹಣ್ಣಿನಲ್ಲಿರುವ ಘಮದ ಅಂಶವನ್ನೇ ಈ ಯೀಸ್ಟ್ ಉಂಟುಮಾಡುತ್ತದೆ, ಲವಂಗದ ವಾಸನೆಯನ್ನೂ ಕೊಡುತ್ತದೆ. ಬಾಟಲಿ ಬಿಯರ್‌ನ ಹಾಗೆ ಗ್ಯಾಸ್ ತುಂಬೋದಿಲ್ಲ, ಆದ್ದರಿಂದ ನೊರೆ ನಿಲ್ಲೋದಿಲ್ಲ.

ಇನ್ನು ಏಳೋಕೆ ಆಗದಿದ್ದದ್ದು. ಸಹ್ತಿಯಲ್ಲಿ ಶೇಕಡ 8ರ ಆಸುಪಾಸು ಆಲ್ಕೋಹಾಲ್ ಇರುತ್ತದೆ, ಮನೆಯಲ್ಲಿ ಮಾಡಿದ್ದು ಇನ್ನೂ ಜಾಸ್ತಿ ಇರಬಹುದು. ಶೇಕಡ 8 ಅಂತಲೇ ಇಟ್ಟುಕೊಂಡರೂ ಎರಡು ಮಗ್ಗಿನಲ್ಲಿ 80 ಮಿಲಿ ಶುದ್ಧ ಆಲ್ಕೋಹಾಲ್ ಆಯಿತು. ಶೇಕಡ 5ರ ಬಿಯರ್ ಆದರೆ ಮೂರು ಮಗ್ಗಿಗಿಂತ ಹೆಚ್ಚು ಕುಡಿದ ಲೆಕ್ಕ. ಸಿಹಿ ಇರುತ್ತದೆ, ಕಹಿ ಇರೋದಿಲ್ಲ, ಗಂಟಲು ಸುಡೋದಿಲ್ಲ. ಹಾಗಾಗಿ ಗೊತ್ತಾಗದೆ ಇಳಿದುಬಿಡುತ್ತದೆ.

ಮುಂದಿನ ಸಲ ಇದನ್ನು ಬಿಯರ್ ಅಂದುಕೊಳ್ಳಲೇಬೇಡಿ. ನಮ್ಮ ಕಡೆ ಶೇಂದಿ ರುಚಿ ನೋಡುವವರು ಮೊದಲು ಕೇಳೋದು, ಯಾವಾಗ ಇಳಿಸಿದ್ದು ಅಂತ. ಸಹ್ತಿಗೂ ಅದೇ ಪ್ರಶ್ನೆ ಕೇಳಿ. ಕಾಲು ಮಗ್ಗು ಸಾಕು. ತಣ್ಣಗಿದ್ದಾಗ ಮೊದಲು ಮೂಸಿ ನೋಡಿ. ಬಾಳೆಹಣ್ಣು ಮುಂದೆ ಬರುತ್ತದೆ. ಒಂದು ಗುಟುಕು ಬಾಯಲ್ಲಿ ಹಿಡಿದುಕೊಂಡರೆ ರಾಗಿ ಮಾಲ್ಟಿನ ನೆನಪು ತರಿಸುವ ಹುರಿದ ಧಾನ್ಯದ ರುಚಿ. ನುಂಗಿದ ಮೇಲೆ ನಾಲಿಗೆಯ ಹಿಂದೆ ಹಸಿ ಸೊಪ್ಪಿನ, ರಾಳದ ಒಂದು ಒಗರು ಉಳಿಯುತ್ತದೆ. ಅದು ಜುನಿಪರ್. ನಾನು ಮೊದಲ ಸಲ ಕುಡಿದಾಗ ಆ ಒಗರು ಇಷ್ಟ ಆಗಿರಲಿಲ್ಲ, ಈಗ ಅದಕ್ಕೋಸ್ಕರವೇ ಕುಡಿಯುತ್ತೇನೆ. ಮೊಸರು ಹಳತಾದಾಗ ಬರುವಂಥ ಚುರುಕು ಹುಳಿ ಬಂದರೆ ಮಾತ್ರ ಕೆಟ್ಟಿದೆ ಅಂತ ಲೆಕ್ಕ, ಆಗ ಧಾರಾಳವಾಗಿ ಬೇಡ ಅನ್ನಿ.

ಪ್ರಶ್ನೆ: ನಾವೇ ಕಾಡಿಗೆ ಹೋಗಿ ಜುನಿಪರ್ ಕಿತ್ತು ತರಬಹುದಾ? ಇಲ್ಲಿ ಕಾಡು ಎಲ್ಲರದ್ದೂ ಅಂತಾರಲ್ಲ. (ಹೆಲ್ಸಿಂಕಿಯಿಂದ ಇನ್ನೊಬ್ಬ ಓದುಗರು)

ಉತ್ತರ: ಅರ್ಧ ಮಾತ್ರ ನಿಜ. ಫಿನ್ಲೆಂಡಿನಲ್ಲಿ ಬೇರೆಯವರ ಕಾಡಿನಲ್ಲೂ ಹಣ್ಣು, ಅಣಬೆ ಆರಿಸಿಕೊಳ್ಳಬಹುದು. ಆದರೆ ಮರದ ಕೊಂಬೆ, ಸ್ಪ್ರೂಸ್ ಮರದ ಎಳೆ ಚಿಗುರು ಇವನ್ನು ಕೀಳೋಕೆ ಜಮೀನಿನ ಮಾಲೀಕರ ಒಪ್ಪಿಗೆ ಬೇಕೇ ಬೇಕು. ಕೇಳಿದರೆ ಹಳ್ಳಿ ಕಡೆಯವರು ಕೊಡುತ್ತಾರೆ, ಸುಮ್ನೆ ಕೇಳಿ.

ಅದಕ್ಕಿಂತ ಮುಖ್ಯವಾದ ಮಾತು, ಗಿಡ ಗುರುತಿಸೋದು. ಕಾಡಿನ ಜುನಿಪರ್ ಎಲೆ ಸೂಜಿಯ ಹಾಗೆ ಚುಚ್ಚುತ್ತದೆ. ಒಂದೊಂದು ಗೆಣ್ಣಿಗೂ ಮೂರು ಮೂರು ಎಲೆ, ಮೇಲ್ಭಾಗದಲ್ಲಿ ಬಿಳಿ ಗೆರೆ. ತೋಟಗಳಲ್ಲಿ ಬೆಳೆಸುವ ಯೂ ಗಿಡದ ಎಲೆ ಚಪ್ಪಟೆ, ಮೆತ್ತಗೆ, ಚುಚ್ಚೋದಿಲ್ಲ. ಅದು ಪ್ರಾಣ ತೆಗೆಯುವ ವಿಷ. ಜುನಿಪರ್ ಜಾತಿಯಲ್ಲೇ ವಿಷದ್ದೊಂದು ತೋಟದ ಗಿಡ ಇದೆ. ಆದ್ದರಿಂದ ಪಾರ್ಕಿನದ್ದು, ಅಪಾರ್ಟ್‌ಮೆಂಟ್ ಬೇಲಿಯದ್ದು ಮುಟ್ಟಲೇಬೇಡಿ. ಮೊದಲ ಸಲ ಗೊತ್ತಿರುವ ಫಿನ್ನಿಶ್ ಅಜ್ಜನೋ ಅಜ್ಜಿಯೋ ಜೊತೆಗಿರಲಿ.

ಪ್ರಶ್ನೆ: ನನ್ನ ಯಜಮಾನರು ಫಿನ್ಲೆಂಡಿನಿಂದ ಬರುವಾಗ ಸಹ್ತಿ ತರ್ತೀನಿ ಅಂತಿದ್ದಾರೆ. ತರಿಸಲಾ? (ಮೈಸೂರಿನಿಂದ)

ಉತ್ತರ: ಬೇಡ. ಅದು ಸದಾ ಫ್ರಿಜ್ಜಿನಲ್ಲೇ ಇರಬೇಕು. ಸೂಟ್‌ಕೇಸಿನ ಬಿಸಿಗೆ ಮತ್ತೆ ಹುಳಿಯೋಕೆ ಶುರುವಾಗಿ ಬಾಟಲಿ ಉಬ್ಬುತ್ತದೆ, ಬಟ್ಟೆಯೆಲ್ಲ ಹಾಳು. ಅದರ ಬದಲು ಸ್ಪ್ರೂಸ್ ಚಿಗುರಿನ ಸಿರಪ್ಪಿನ ಸಣ್ಣ ಶೀಶೆ ತರೋಕೆ ಹೇಳಿ. ಆಲ್ಕೋಹಾಲ್ ಇಲ್ಲ, ಮಕ್ಕಳೂ ತಿನ್ನಬಹುದು. ಅಲ್ಲಿ ಪ್ಯಾನ್‌ಕೇಕಿಗೆ ಹಾಕಿಕೊಳ್ಳುತ್ತಾರೆ, ನಮ್ಮನೆಯಲ್ಲಿ ಗೋಧಿ ದೋಸೆಗೆ ಹಾಕಿ ತಿಂದೆವು, ತುಂಬಾ ಚೆನ್ನಾಗಿತ್ತು.