ತಂತಿ ಉದುರುವ ಮೊಸಾಯಿಕ್ ಪಿನ್ನಿಗೆ ಪರಿಹಾರವೇನು?

ಪ್ರಶ್ನೆ: ಬೀಟೆ ಮರದ ಹಿಡಿಕೆ ಹಾಕಿ ಮನೆಗೊಂದು ಚಾಕು ಮಾಡುತ್ತಿದ್ದೇನೆ. ಹಿಡಿಕೆಯ ಅಂದಕ್ಕೆ ಮೊಸಾಯಿಕ್ ಪಿನ್ (ತುದಿಯಲ್ಲಿ ಹೂವಿನಂಥ ವಿನ್ಯಾಸ ಕಾಣುವಂತೆ ತಂತಿ ತುಂಬಿದ ಕೊಳವೆ) ಕೂಡಿಸಬೇಕೆಂದು 6 ಮಿ.ಮೀ. ಹಿತ್ತಾಳೆ ಕೊಳವೆಯಲ್ಲಿ 1.5 ಮಿ.ಮೀ. ದಪ್ಪದ ಏಳು ತಾಮ್ರದ ತಂತಿಗಳನ್ನು ತುಂಬಿ, ಮೇಲಿನಿಂದ ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಅಂಟು ಸುರಿದೆ. ಕತ್ತರಿಸಿ ನೋಡಿದರೆ ತಂತಿಗಳ ನಡುವೆ ತೂತುಗಳಿದ್ದವು. ತುದಿಯನ್ನು ರಿವೆಟ್ಟಿನಂತೆ ಸುತ್ತಿಗೆಯಿಂದ ಬಡಿದಾಗ ಎರಡು ತಂತಿಗಳು ಹೊರಬಿದ್ದವು. ತಪ್ಪಿದ್ದೆಲ್ಲಿ? — ಓದುಗರೊಬ್ಬರು, ಹಾವೇರಿ

ಉತ್ತರ: ಮೊದಲು ಸುತ್ತಿಗೆಯ ವಿಷಯ. ಗಟ್ಟಿ ಹಿತ್ತಾಳೆಯ ಪಿನ್ನಾದರೆ ಬಡಿದಾಗ ಅದರ ತಲೆ ಅರಳಿ ಹಿಡಿಕೆಯನ್ನು ಬಿಗಿಯುತ್ತದೆ. ಮೊಸಾಯಿಕ್ ಪಿನ್ ತೆಳುವಾದ ಕೊಳವೆ, ತಂತಿ ಮತ್ತು ಅಂಟುಗಳ ಕಟ್ಟು ಮಾತ್ರ. ಪೆಟ್ಟು ಬಿದ್ದರೆ ಒಳಗಿನ ಅಂಟು ಬಿರುಕು ಬಿಟ್ಟು ತಂತಿ ಸಡಿಲಾಗುತ್ತದೆ. ಆದ್ದರಿಂದ ಅದನ್ನು ಅಂಟಿನಿಂದಲೇ ಕೂಡಿಸಬೇಕು, ಎಂದಿಗೂ ಬಡಿಯಬಾರದು. ಚಾಕುವಿಗೆ ಹೆಚ್ಚಿನ ಕೆಲಸವಿದ್ದರೆ ಹಿಡಿಕೆಯ ಎರಡೂ ತುದಿಗಳಿಗೆ ಗಟ್ಟಿ ಹಿತ್ತಾಳೆ ಪಿನ್ ಹಾಕಿ, ಮೊಸಾಯಿಕ್ ಪಿನ್ನನ್ನು ನಡುವೆ ಇರಿಸುವುದು ಸರಿಯಾದ ಕ್ರಮ.

ಇನ್ನು ಅಳತೆ. ನಿಮ್ಮ ಕೊಳವೆಯ ತಗಡು 0.5 ಮಿ.ಮೀ. ದಪ್ಪವಿದ್ದರೆ ಒಳವ್ಯಾಸ 5 ಮಿ.ಮೀ. ಆಗುತ್ತದೆ. ಒಂದು ತಂತಿಯ ಸುತ್ತ ಅದೇ ದಪ್ಪದ ಆರು ತಂತಿಗಳನ್ನು ಜೋಡಿಸಿದರೆ ಇಡೀ ಕಟ್ಟಿನ ಅಗಲ ತಂತಿಯ ದಪ್ಪದ ಮೂರು ಪಟ್ಟು ಬರುತ್ತದೆ. ಅಂದರೆ ನಿಮ್ಮ ಕಟ್ಟು 4.5 ಮಿ.ಮೀ. ಇದ್ದು ಅರ್ಧ ಮಿಲಿಮೀಟರು ಸಡಿಲ ಉಳಿಯಿತು, ಹೂವು ಒಂದು ಪಕ್ಕಕ್ಕೆ ವಾಲಿತು. 16 ಗೇಜಿನ ತಂತಿ ಸುಮಾರು 1.63 ಮಿ.ಮೀ. ಇರುವುದರಿಂದ ಏಳು ತಂತಿಗಳ ಕಟ್ಟು 4.9 ಮಿ.ಮೀ.ನಷ್ಟಾಗಿ ಬೆರಳಿನಿಂದ ಒತ್ತಿದರೆ ಒಳಹೋಗುವಷ್ಟು ಬಿಗಿಯಾಗಿ ಕೂಡುತ್ತದೆ. ಇನ್ನೂ ಚೆಂದದ ವಿನ್ಯಾಸ ಬೇಕೆಂದರೆ ನಡುವೆ 3 ಮಿ.ಮೀ. ಹೊರವ್ಯಾಸದ ಸಣ್ಣ ಕೊಳವೆ, ಅದರ ಸುತ್ತ 1 ಮಿ.ಮೀ.ನ ಹನ್ನೆರಡು ತಂತಿಗಳನ್ನು ಹಾಕಿ. ಲೆಕ್ಕ ಸರಿಯಾಗಿ 5 ಮಿ.ಮೀ.ಗೆ ಬರುತ್ತದೆ. ಆದರೆ 19 ಗೇಜಿನ ತಂತಿ 1.02 ಮಿ.ಮೀ. ಇರುವುದರಿಂದ ಇಲ್ಲಿ ಒಳಗೆ ಹೋಗದು. ಕೊಳ್ಳುವಾಗ ವರ್ನಿಯರ್ ಹಿಡಿದು ಅಳೆಯಿರಿ. ನಿಮ್ಮೂರಲ್ಲಿ ಪಂಪ್‌ಸೆಟ್ಟಿನ ಮೋಟರು ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿ ತಾಮ್ರದ ತಂತಿ ಸಿಗುತ್ತದೆ. ಅದರ ಮೇಲಿನ ಎನಾಮಲ್ ಲೇಪನವನ್ನು ಎಮರಿ ಕಾಗದದಿಂದ ಉಜ್ಜಿ ತೆಗೆಯಬೇಕು, ಇಲ್ಲವಾದರೆ ಅಂಟು ತಾಮ್ರವನ್ನು ಹಿಡಿಯದೆ ಆ ಲೇಪನವನ್ನಷ್ಟೇ ಹಿಡಿಯುತ್ತದೆ.

ತೂತುಗಳಿಗೆ ಕಾರಣ ಗಾಳಿ. ಅಂಟನ್ನು ಮೇಲಿನಿಂದ ಸುರಿದರೆ ಕೊಳವೆಯ ಬಾಯಿ ಮುಚ್ಚಿ, ಒಳಗಿನ ಗಾಳಿಗೆ ಹೊರಬರಲು ದಾರಿಯೇ ಇರುವುದಿಲ್ಲ. ನಾನು ಮಾಡಿದ ಮೊದಲ ಪಿನ್ನುಗಳೂ ಹೀಗೆಯೇ ಕೆಟ್ಟವು. ಅಂಟನ್ನು ಕೆಳಗಿನಿಂದ ಮೇಲಕ್ಕೆ ಎಳೆಯತೊಡಗಿದ ಮೇಲೆಯೇ ಕೆಲಸ ಹತೋಟಿಗೆ ಬಂದಿತು. ಐದು ನಿಮಿಷದ ಎಪಾಕ್ಸಿ ಇದಕ್ಕೆ ಬೇಡ. ನಿಧಾನವಾಗಿ ಗಟ್ಟಿಯಾಗುವುದನ್ನು ತನ್ನಿ. ಕೊಳವೆ ಮತ್ತು ತಂತಿಗಳನ್ನು ಎಮರಿ ಕಾಗದದಿಂದ ಒರಟು ಮಾಡಿ, ಅಸಿಟೋನಿನಿಂದ ಜಿಡ್ಡು ತೆಗೆದು, ಆಮೇಲೆ ಬರಿಗೈಯಿಂದ ಮುಟ್ಟದೆ ಕಟ್ಟನ್ನು ಕೊಳವೆಗೆ ಸೇರಿಸಿ. ಅಂಟಿಗೆ ದೀಪದ ಒಣ ಮಸಿಯನ್ನು ಚಿಟಿಕೆಯಷ್ಟು ಬೆರೆಸಿದರೆ ಕಪ್ಪು ಹಿನ್ನೆಲೆಯಲ್ಲಿ ತಾಮ್ರದ ಕೆಂಪು ಎದ್ದು ಕಾಣುತ್ತದೆ. ಕಣ್ಣಿಗೆ ಹಚ್ಚುವ ಕಾಡಿಗೆಯನ್ನು ಮಾತ್ರ ಬೆರೆಸಬೇಡಿ, ಅದರಲ್ಲಿ ತುಪ್ಪ ಅಥವಾ ಎಣ್ಣೆಯ ಅಂಶವಿರುತ್ತದೆ.

ಅಂಟಿನ ಬಟ್ಟಲನ್ನು ಬಿಸಿನೀರಿನ ಮೇಲೆ ಸ್ವಲ್ಪ ಹೊತ್ತು ಇಟ್ಟರೆ ಅದು ತೆಳುವಾಗುತ್ತದೆ, ಆದರೆ ಗಟ್ಟಿಯಾಗುವ ಅವಧಿಯೂ ಕಡಿಮೆಯಾಗುವುದರಿಂದ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಇದರ ಅಗತ್ಯವಿಲ್ಲ. ಕೊಳವೆಯ ಕೆಳತುದಿಯನ್ನು ಅಂಟಿನಲ್ಲಿ ಅದ್ದಿ, ಮೇಲಿನ ತುದಿಗೆ ಮೆತ್ತನೆಯ ಪ್ಲಾಸ್ಟಿಕ್ ನಳಿಕೆಯನ್ನು ಬಿಗಿಯಾಗಿ ಸೇರಿಸಿ, ನಳಿಕೆಯ ಇನ್ನೊಂದು ತುದಿಗೆ ಸಿರಿಂಜು ಹಾಕಿ ಮೆಲ್ಲಗೆ ಎಳೆಯಿರಿ. ಕೈಗೆ ಗಟ್ಟಿಯಾದ ಎಳೆತ ಸಿಗುತ್ತದೆ. ನಳಿಕೆಯಲ್ಲಿ ಮೊದಲು ಗುಳ್ಳೆಗಳು ಏಳುತ್ತವೆ, ಬಳಿಕ ಗುಳ್ಳೆಯಿಲ್ಲದ ಕಪ್ಪು ಅಂಟು ಸಲೀಸಾಗಿ ಏರಿ ಬರುತ್ತದೆ. ಅಲ್ಲಿಯವರೆಗೂ ಅವಸರ ಮಾಡಬೇಡಿ. ನಂತರ ಕೆಳತುದಿಗೆ ಮೇಣ ಮೆತ್ತಿ, ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಎರಡು ದಿನ ಮುಟ್ಟದೆ ಬಿಡಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಏಕೆಂದರೆ ಹಸಿ ಎಪಾಕ್ಸಿ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ.

ಕತ್ತರಿಸಲು ಗ್ರೈಂಡರ್ ಬಳಸಿದರೆ ಕಾವಿಗೆ ಅಂಟು ಮೆತ್ತಗಾಗುತ್ತದೆ. ನಮ್ಮ ಕಡೆಯ ಪತ್ತಾರರು ಬಳಸುವ ಸಣ್ಣ ಹಲ್ಲಿನ ಗರಗಸವೇ ಇದಕ್ಕೆ ತಕ್ಕದ್ದು. ಮರದ ತುಂಡಿನಲ್ಲಿ 6 ಮಿ.ಮೀ. ರಂಧ್ರ ಕೊರೆದು, ಅದರಲ್ಲಿ ಪಿನ್ ಸಿಕ್ಕಿಸಿ, ಹಿಡಿಕೆಯ ದಪ್ಪಕ್ಕಿಂತ ಎರಡೂ ಬದಿಗೆ 1 ಮಿ.ಮೀ. ಹೆಚ್ಚು ಬರುವಂತೆ ಕತ್ತರಿಸಿ. ಚಾಕುವಿನ ಉಕ್ಕಿನಲ್ಲಿ 6.2 ಮಿ.ಮೀ. ರಂಧ್ರವನ್ನು ಹದ ಹಾಕುವ (ಕಾಯಿಸಿ ಗಡುಸು ಮಾಡುವ) ಮೊದಲೇ ಕೊರೆಯಬೇಕು. ಹದ ಹಾಕಿದ ಉಕ್ಕಿಗೆ ಸಾಮಾನ್ಯ ಡ್ರಿಲ್ ಬಿಟ್ ನಾಟುವುದಿಲ್ಲ. ಪಿನ್ನನ್ನು ಹಿಡಿಕೆಗೆ ಅಂಟಿಸಿ, ಅಂಟು ಒಣಗಿದ ಮೇಲೆ ಅರದಿಂದ ಸಮ ಮಾಡಿ, 220, 400, 800ರ ಎಮರಿ ಕಾಗದಗಳಿಂದ ಕ್ರಮವಾಗಿ ಉಜ್ಜಿ, ನಡುನಡುವೆ ಪಿನ್ನಿಗೆ ಬೆರಳಿಟ್ಟು ನೋಡಿ; ಬಿಸಿ ತಟ್ಟಿದರೆ ಆರುವ ತನಕ ನಿಲ್ಲಿಸಿ. ಬೀಟೆಯ ಪುಡಿ ಶ್ವಾಸಕ್ಕೆ ಒಳ್ಳೆಯದಲ್ಲವಾದ್ದರಿಂದ ಮಾಸ್ಕ್ ಇಲ್ಲದೆ ಉಜ್ಜಲು ಕೂರಬೇಡಿ.

ಪ್ರಶ್ನೆ: ಅಡುಗೆಮನೆಯ ಚಾಕುವಿಗೆ ಹಾಕಿದ ತಾಮ್ರದ ಮೊಸಾಯಿಕ್ ಪಿನ್ನಿನ ಸುತ್ತ ಹಸಿರು ಕಲೆ ಕಟ್ಟುತ್ತಿದೆ. ಹುಣಸೆಹಣ್ಣಿನಿಂದ ತಿಕ್ಕಬಹುದೇ? — ಓದುಗರೊಬ್ಬರು, ಧಾರವಾಡ

ಉತ್ತರ: ಬೇಡ. ಪಾತ್ರೆಯಾದರೆ ತಿಕ್ಕಿದ ಹುಳಿಯನ್ನು ನೀರಿನಿಂದ ಪೂರ್ತಿ ತೊಳೆಯಬಹುದು, ಹಿಡಿಕೆಯಲ್ಲಿ ಅದು ಪಿನ್ನಿನ ಅಂಚಿನ ಸಂದಿಗೆ ಇಳಿದು ಅಲ್ಲೇ ಉಳಿಯುತ್ತದೆ. ನಿಂಬೆ, ಟೊಮೆಟೊಗಳ ಹುಳಿ ಮತ್ತು ಉಪ್ಪು ತೇವದೊಡನೆ ಸೇರಿ ತಾಮ್ರಕ್ಕೆ ಕಿಲುಬು ಹಿಡಿಸುತ್ತವೆ. ಈಗ ಕಾಣುತ್ತಿರುವುದು ಅದೇ. ಸಣ್ಣ ಎಮರಿ ಕಾಗದದಿಂದ ಒಣಗಿದ್ದಾಗಲೇ ಉಜ್ಜಿ, ಒರೆಸಿ, ಜೇನುಮೇಣ ಹಚ್ಚಿ, ಚಾಕುವನ್ನು ನೀರಿನಲ್ಲಿ ನೆನೆಹಾಕುವುದನ್ನು ಬಿಡಿ. ಅಡುಗೆಮನೆಗೆ ಮುಂದಿನ ಚಾಕು ಮಾಡುವಾಗ ಕೊಳವೆಯೂ ತಂತಿಯೂ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ, ವಿನ್ಯಾಸ ಎದ್ದು ಕಾಣುವಂತೆ ಮಾಡುವ ಕೆಲಸವನ್ನು ಕಪ್ಪು ಅಂಟಿಗೆ ಬಿಡಿ.