ಗ್ಯಾಸಿನ ಕ್ಯಾಪ್ಸೂಲೂ ಔಷಧಿಯೇ ಕಣ್ರೀ

‘ಅಪ್ಪನ ಕಾಯಿಲೆ ಮಾತ್ರೆಯಿಂದಲೇ ಬಂತಾ ಡಾಕ್ಟ್ರೇ?’ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬರುವ ಪತ್ರಗಳಲ್ಲಿ ಈ ಪ್ರಶ್ನೆ ತಪ್ಪುವುದೇ ಇಲ್ಲ. ಅನುಮಾನ ಪಡುವುದು ಒಳ್ಳೆಯದೇ. ಮೊದಲು ಮಾತ್ರೆ ನಿಲ್ಲಿಸಿ ಆಮೇಲೆ ಕೇಳುತ್ತೀರಲ್ಲ, ಸಿಟ್ಟು ಬರುವುದು ಅದಕ್ಕೆ.

ಪ್ರಶ್ನೆ: ಜಗಳೂರಿನಲ್ಲಿರುವ ತಂದೆಗೆ 71 ವರ್ಷ. ಬಿಪಿಗೆ ಅಮ್ಲೋಡಿಪಿನ್, ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ತಾರೆ. ನಾಲ್ಕು ತಿಂಗಳಿಂದ ಕೈ ನಡುಕ, ಕಾಲೆಳೆದು ನಡೆಯುತ್ತಾರೆ, ಮುಖದಲ್ಲಿ ನಗುವೇ ಇಲ್ಲ. ಬಿಪಿ ಮಾತ್ರೆಯ ಅಡ್ಡಪರಿಣಾಮವೆಂದು ವಾರದಿಂದ ನಿಲ್ಲಿಸಿದ್ದೇವೆ. ವರ್ಷದಿಂದ ದಿನಾ ಒಂದು ಗ್ಯಾಸಿನ ಕ್ಯಾಪ್ಸೂಲು ಬಿಟ್ಟರೆ ಬೇರೆ ಔಷಧಿ ಏನೂ ಇಲ್ಲ.

ಉತ್ತರ: ಆ ಕೊನೆಯ ಸಾಲನ್ನು ನೀವೇ ಇನ್ನೊಮ್ಮೆ ಓದಿ. ಅಮ್ಲೋಡಿಪಿನ್‌ನಿಂದ ಪಾದ ಊದಬಹುದು. ನೀವು ಹೇಳುವ ಈ ನಡುಕ, ಈ ನಡಿಗೆ ಅದರ ಲಕ್ಷಣವಲ್ಲ. ಇವತ್ತೇ ಬಿಪಿ ನೋಡಿಸಿ, ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ ಮಾತ್ರೆ ಮತ್ತೆ ಶುರು ಮಾಡಿ.

ಈಗ ಗ್ಯಾಸಿನ ಸ್ಟ್ರಿಪ್ ತಿರುಗಿಸಿ, ಹಿಂದಿನ ಸಣ್ಣಕ್ಷರ ಓದಿ. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಜೊತೆ ‘ಲೆವೊಸಲ್ಪಿರೈಡ್’ ಎಂದಿದೆಯಾ? ಇದ್ದರೆ ನನ್ನ ಅನುಮಾನ ಅದರ ಮೇಲೆ. ಹೊಟ್ಟೆಯ ಚಲನೆ ಹೆಚ್ಚಿಸಲೆಂದು ಸೇರಿಸುವ ಈ ಔಷಧಿ ಮೆದುಳಿನಲ್ಲಿ ಕೈಕಾಲಿನ ಚಲನೆ ನಡೆಸಲು ಬೇಕಾದ ಡೋಪಮಿನ್ ಎಂಬ ರಾಸಾಯನಿಕದ ಕೆಲಸಕ್ಕೂ ಅಡ್ಡ ಬರುತ್ತದೆ. ವಯಸ್ಸಾದವರು ತಿಂಗಳುಗಟ್ಟಲೆ ನುಂಗಿದರೆ ನಡುಕ ತರುವ ನರರೋಗ ಪಾರ್ಕಿನ್‌ಸನ್ ಬಂದವರಂತೆಯೇ ಥೇಟ್ ಕಾಣುತ್ತಾರೆ: ಕಣ್ಣು ಮಿಟುಕಿಸುವುದು ಕಮ್ಮಿ, ಅಂಗಿ ಗುಂಡಿ ಹಾಕಲು ಐದು ನಿಮಿಷ, ಕುರ್ಚಿಯಿಂದ ಏಳಲು ಎರಡು ಸಲ ಪ್ರಯತ್ನ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಇದೇ ಆಟ ಆಡುತ್ತವೆ. ಸಂಜೆ ಮಿರ್ಚಿ-ಮಂಡಕ್ಕಿ, ಬೆಳಗ್ಗೆ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ತಂದ ಕ್ಯಾಪ್ಸೂಲು! ನಮ್ಮೂರಲ್ಲಿ ಇದನ್ನು ಯಾರೂ ಔಷಧಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ.

ನಡುಕ ಕಂಡೊಡನೆ ಪಾರ್ಕಿನ್‌ಸನ್ ಮಾತ್ರೆ ಶುರು ಮಾಡಿಸಬೇಡಿ. ಒಂದು ಮಾತ್ರೆ ತಂದ ತೊಂದರೆಗೆ ಇನ್ನೊಂದು ಮಾತ್ರೆ ಆದೀತು, ಅಷ್ಟೆ. ಮೊದಲು ಒಂದು ಹಾಳೆಯಲ್ಲಿ ಯಾವ ಔಷಧಿ ಯಾವ ತಿಂಗಳು ಶುರುವಾಯಿತು, ಯಾವಾಗ ಡೋಸ್ ಹೆಚ್ಚಿತು, ನಡುಕ ಯಾವಾಗ ಕಂಡಿತು ಎಂದು ಬರೆಯಿರಿ. ಕಣ್ಣಿನ ಡ್ರಾಪ್ಸು, ನೋವಿನ ಮಾತ್ರೆ, ನಾಟಿ ಪುಡಿ ಸೇರಿಸಿ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಫಿಜಿಶಿಯನ್ ಅಥವಾ ನರರೋಗ ತಜ್ಞರ ಬಳಿ ಹೋಗಿ. ನನ್ನ ಅರ್ಧ ಪತ್ತೇದಾರಿಕೆ ಮುಗಿಯುವುದು ಆ ಚೀಲದಲ್ಲೇ.

ಕಾರಣ ಲೆವೊಸಲ್ಪಿರೈಡ್ ಆಗಿದ್ದರೆ ನಿಲ್ಲಿಸಿದ ಮೇಲೆ ಹೆಚ್ಚಿನವರು ಸುಧಾರಿಸುತ್ತಾರೆ. ಆದರೆ ನಾಳೆಯೇ ಅಲ್ಲ. ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಆರು ತಿಂಗಳಾದರೂ ನಡುಕ ಹೋಗದಿದ್ದರೆ ಒಳಗೆ ನಿಜವಾದ ಪಾರ್ಕಿನ್‌ಸನ್ ಅಡಗಿತ್ತೇ ಎಂದು ನೋಡಬೇಕು. ಹೀಗಾಗಿ ‘ಎಲ್ಲಾ ಆ ಕ್ಯಾಪ್ಸೂಲಿಂದಲೇ’ ಎಂದು ನಾನೂ ಈಗಲೇ ಷರಾ ಬರೆಯಲಾರೆ. ದೃಢಪಟ್ಟರೆ 1800-180-3024 ಉಚಿತ ಸಹಾಯವಾಣಿಗೆ ವರದಿ ಮಾಡಿ. ಅದು ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ಸರ್ಕಾರಿ ವ್ಯವಸ್ಥೆ. ರೋಗಿಯ ಮನೆಯವರೂ ಕರೆ ಮಾಡಬಹುದು.

ಪ್ರಶ್ನೆ: ಬಿಪಿ ಮಾತ್ರೆಯಿಂದ ಕಿಡ್ನಿ ಹೋಗುತ್ತದಂತೆ? (ಹೊಳಲ್ಕೆರೆ)
ಉತ್ತರ: ಹತೋಟಿಗೆ ಬಾರದ ಬಿಪಿಯಿಂದ ಹೋಗುತ್ತದೆ. ಮಂಡಿ ನೋವಿಗೆ ದಿನಾ ನುಂಗುವ ಡೈಕ್ಲೊಫೆನ್ಯಾಕ್‌ನಿಂದಲೂ ಹೋಗಬಹುದು.

ಪ್ರಶ್ನೆ: ಬಿಪಿಗೆ ರಾಮಿಪ್ರಿಲ್ ಶುರುವಾದಾಗಿನಿಂದ ಅಮ್ಮನಿಗೆ ಒಣಕೆಮ್ಮು. (ಹರಿಹರ)
ಉತ್ತರ: ಅದರದ್ದೇ ಇರಬಹುದು. ಸಿರಪ್ ಬೇಡ, ಮಾತ್ರೆ ಬದಲಿಸಲು ವೈದ್ಯರನ್ನು ಕೇಳಿ.

ಪ್ರಶ್ನೆ: ಸಂತೆಯಲ್ಲಿ ತಂದ ಪುಡಿಯಿಂದ ಅಜ್ಜಿಯ ಸಂಧಿವಾತ ಮೂರೇ ದಿನಕ್ಕೆ ಮಾಯ, ಈಗ ಮುಖ ಊದಿದೆ. (ಚಳ್ಳಕೆರೆ)
ಉತ್ತರ: ಲೇಬಲ್ ಇಲ್ಲದ ಪುಡಿ ಮೂರು ದಿನಕ್ಕೆ ಕೆಲಸ ಮಾಡಿತೆಂದರೆ ಸ್ಟಿರಾಯ್ಡ್ ಬೆರೆಸಿರುವ ಅನುಮಾನವೇ ಮೊದಲು. ಮಾರಿದ ಪುಣ್ಯಾತ್ಮ ಮುಂದಿನ ಸಂತೆಗೆ ಸಿಗುವುದಿಲ್ಲ. ಬಹಳ ದಿನ ತಿಂದಿದ್ದರೆ ಇದ್ದಕ್ಕಿದ್ದಂತೆ ನಿಲ್ಲಿಸುವುದೂ ಅಪಾಯ. ಪೊಟ್ಟಣದ ಸಮೇತ ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.