ಓಡಲು ಶುರುಮಾಡಿದ ಹೆಂಡತಿ ಬೇಗ ಕೈಬಿಡುತ್ತಿದ್ದಾರೆ, ಹೇಗೆ ಹುರಿದುಂಬಿಸಲಿ?

ಎರಡು ದಿನ ಓಡಿ, ಮೂರನೇ ದಿನ "ನನ್ನ ಕೈಲಾಗಲ್ಲ" ಅಂದರು ಅಂತ ಬರೆದಿದ್ದೀರಿ. ಇದನ್ನು ಸೋಮಾರಿತನ ಅಂದುಕೊಳ್ಳಬೇಡಿ. ಹೆಚ್ಚಾಗಿ ಕಾರಣ ವೇಗ. ನಿಮ್ಮ ಸಮಕ್ಕೆ ಬರಲು ಹೋಗಿ ಅವರಿಗೆ ಏದುಸಿರು ಬಂದಿರುತ್ತದೆ.

ಮೊದಲು ನೀವು ನಿಧಾನಿಸಿ. ಓಡುತ್ತಲೇ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಒಂದೊಂದೇ ಪದ ಬರುತ್ತಿದ್ದರೆ ವೇಗ ಜಾಸ್ತಿ ಆಯ್ತು ಅಂತಲೇ ಲೆಕ್ಕ. ಮುಂದೆ ಹೋಗಿ ತಿರುಗಿ ತಿರುಗಿ ನೋಡಬೇಡಿ, ಅದು ತುಂಬಾ ಚುಚ್ಚುತ್ತದೆ. ಪಕ್ಕದಲ್ಲೇ, ಬೇಕಿದ್ದರೆ ಅರ್ಧ ಹೆಜ್ಜೆ ಹಿಂದೆ ಇರಿ.

ಹೊಸಬರಿಗೆ 1996ರಲ್ಲಿ ಜಾಶ್ ಕ್ಲಾರ್ಕ್ ರೂಪಿಸಿದ 'ಕೌಚ್ ಟು ಫೈವ್ ಕೆ' (ಸೋಫಾದಿಂದ ಎದ್ದು 5 ಕಿಲೋಮೀಟರ್ ಓಟದವರೆಗೆ) ಕ್ರಮ ಚೆನ್ನಾಗಿದೆ. ಒಟ್ಟು 9 ವಾರ, ವಾರಕ್ಕೆ 3 ದಿನ. ಮೊದಲ ವಾರ 5 ನಿಮಿಷ ಬಿರುಸಾಗಿ ನಡೆದು, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ. ಕಷ್ಟವಾದ ವಾರವನ್ನು ಇನ್ನೊಮ್ಮೆ ಮಾಡಿದರೆ ತಪ್ಪೇನಿಲ್ಲ. ಓಡುವ ದಿನಗಳ ನಡುವೆ ಬಿಡುವು ಮಾತ್ರ ಬೇಕೇ ಬೇಕು. ಉಸಿರು ಬೇಗ ಪಳಗುತ್ತದೆ, ಮೂಳೆಗಳಿಗೆ ಮತ್ತು ಕೀಲುಗಳ ಸುತ್ತಲಿನ ಸ್ನಾಯುರಜ್ಜುಗಳಿಗೆ (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ಪಟ್ಟಿಗಳಿಗೆ) ಹೆಚ್ಚು ಸಮಯ ಬೇಕು.

"ಇನ್ನೊಂದು ಸ್ವಲ್ಪ ಓಡಬಹುದಿತ್ತು ಅಲ್ವಾ?" ಅನ್ನಬೇಡಿ. ಮೊಬೈಲ್‌ನಲ್ಲಿ ಕಿಲೋಮೀಟರ್ ಲೆಕ್ಕವನ್ನೂ ತೋರಿಸಬೇಡಿ. ಯಾವ ದಾರಿ, ಯಾವ ಹೊತ್ತು, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಅವರೇ ಹೇಳಲಿ. ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಇಷ್ಟಾದರೂ ಓಟವೇ ಹಿಡಿಸದಿದ್ದರೆ ಈಜು, ಸೈಕಲ್ ಇದ್ದೇ ಇದೆ.